ಅತ್ತೆಯ ಸೆರಗಿನಲ್ಲಿ ಕಾರಿನ ಚಾವಿ

ಕಳೆದ ಭಾನುವಾರ ನಮ್ಮ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ನಮ್ಮನೆಯವರು ತಮ್ಮದೇ ಕಾರಿನ ಚಾವಿಗಾಗಿ ತಾಯಿಯ ಮುಂದೆ ಕೈಯೊಡ್ಡಿ ನಿಂತಿದ್ದರು. ತಾಯಿ ಕೊಡಲಿಲ್ಲ.

ಅತ್ತೆ ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. "ರಿಪೇರಿ ಮುಗೀಲಿ. ಎರಡೂ ಕೈ ತೋರಸು. ಆಮ್ಯಾಲೆ ಚಾವಿ," ಎಂದರು. ನಮ್ಮನೆಯವರು ಆಫೀಸಿನಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಕೈಕೆಳಗೆ ಜನರಿದ್ದಾರೆ. ಮನೆಯಲ್ಲಿ ಮಾತ್ರ ಇದು ಪರಿಸ್ಥಿತಿ.

ಕಾರಿನ ವಿಷಯ ನಿಮಗೆ ಇಷ್ಟು ದಿನ ಹೇಳಿರಲಿಲ್ಲ. (ನಾಚಿಕೆ, ಇನ್ನೇನು?) ಪೆಟ್ರೋಲಿನ ಬೆಲೆ ಈ ಪಾಟಿ ಏರಿದ ಮೇಲೆ ದೊಡ್ಡ ಅಮೆರಿಕನ್ ಕಾರುಗಳನ್ನು ಸಾಕುವವರಿಲ್ಲ. ಎಲ್ಲರೂ ಮಾರುತ್ತಿರುವಾಗ ಕೊಳ್ಳುವವರೂ ಒಬ್ಬರು ಬೇಕಲ್ಲ? ನಮ್ಮನೆಯವರು ಮುಂದೆ ಬಂದರು. ನಮ್ಮ ಮದುವೆಗಿಂತ ಹಳೆಯ ಕಾರು. ನಮ್ಮ ಅಡಿಗೆಮನೆಗಿಂತ ಉದ್ದ. ಸ್ಟಿಯರಿಂಗ್ ಎಡಗಡೆ. ಹಾಗಾಗಿ ಅತ್ತೆ ಮುಂದಿನ ಸೀಟಿನಲ್ಲಿ ಬಲಗಡೆ ಕೂತರೆ, ಇಳಕಲ್ ಸೀರೆಯುಟ್ಟು ತಲೆ ಮೇಲೆ ಸೆರಗು ಹೊದ್ದ ಮುದುಕಿಯೇ ಕಾರು ಓಡಿಸುತ್ತಿರುವಂತೆ ಕಾಣುತ್ತದೆ. ದಾದರಿನಲ್ಲಿ ಟ್ರಾಫಿಕ್ ಪೊಲೀಸ್ ಸೀಟಿ ಊದುವುದನ್ನೇ ಮರೆತು ನೋಡಿದ್ದ.

ಈ ಕಾರಿನ ಕಿಟಕಿಗಳಿಗೆ ತಿರುಗಿಸುವ ಹಿಡಿ ಇಲ್ಲ. ಬಟನ್ ಒತ್ತಿದರೆ ಗಾಜು ತಾನೇ ಇಳಿಯುತ್ತದೆ, ತಾನೇ ಏರುತ್ತದೆ. ಬಾಗಿಲೊಳಗೆ ಪುಟ್ಟ ಮೋಟರ್ ಇದೆಯಂತೆ. ಮೊದಲ ವಾರ ಇಡೀ ಬಿಲ್ಡಿಂಗು ಬಂದು ಒತ್ತಿ ಹೋಯಿತು. ಎರಡನೇ ವಾರ ಅತ್ತೆಯ ಕಡೆಯ ಗಾಜು ಮೇಲೇರಿದ್ದು ಇಳಿಯಲೇ ಇಲ್ಲ. ಇಳಿಯದೆ ಗತಿಯಿಲ್ಲ, ಯಾಕೆಂದರೆ ಕಿಟಕಿ ಮುಚ್ಚಿದ ಗಾಡಿಯಲ್ಲಿ ಅತ್ತೆಗೆ ಹೊಟ್ಟೆ ತೊಳಸುತ್ತದೆ. ಪವಾಯಿ ಕೆರೆ ತೋರಿಸುತ್ತೇನೆಂದು ಮಗ ಕರೆದುಕೊಂಡು ಹೊರಟ ದಿನ ಸಯಾನ್ ದಾಟುವಷ್ಟರಲ್ಲೇ ವಾಪಸು ಬರಬೇಕಾಯಿತು. (ಸೀಟು ತೊಳೆದವಳು ನಾನು.)

ಗ್ಯಾರೇಜಿನವನು ಕೈ ಮುಗಿದ. "ಸಾಬ್, ಹ್ಯಾಂಡಲ್ ಹೋತಾ ತೋ ಕರ್ ದೇತಾ." ತಿರುಗಿಸುವ ಹಿಡಿ ಇದ್ದಿದ್ದರೆ ಮಾಡಿಕೊಡುತ್ತಿದ್ದನಂತೆ. ಸರಿ, ನಮ್ಮನೆಯವರೇ ತೋಳೇರಿಸಿದರು.

ನಿಜ ಹೇಳಬೇಕೆಂದರೆ ಕೆಲಸ ಅಚ್ಚುಕಟ್ಟಾಗಿಯೇ ಶುರುವಾಯಿತು. ಬಾಗಿಲ ಒಳಗಿನ ರೆಕ್ಸಿನ್ ಹೊದಿಕೆ ಬಿಚ್ಚಿದರು. ಗಾಜನ್ನು ಎತ್ತಿ ಹಿಡಿಯುವ ಕಬ್ಬಿಣದ ತೋಳು, ಹಲ್ಲಿನ ಚಕ್ರ, ಬಿಗಿಯಾದ ಸ್ಪ್ರಿಂಗ್ ಎಲ್ಲ ಕಂಡವು. ಗ್ರೀಸು ಒಣಗಿ ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. "ಇದನ್ನ ತಗದಕೂಡಲೆ ಗಾಜು ಧಪ್ ಅಂತ ಬೀಳಬಹುದು," ಎಂದು ತೋಳಿಗೆ ಅಡ್ಡಲಾಗಿ ನನ್ನ ಲಟ್ಟಣಿಗೆ ಕೊಟ್ಟು ಹಗ್ಗದಿಂದ ಬಿಗಿದರು. (ನನ್ನನ್ನು ಕೇಳಲಿಲ್ಲ. ಆ ದಿನ ಚಪಾತಿ ಇಲ್ಲ.) ಚಾವಿ ಅತ್ತೆಯ ಸೆರಗಿನಲ್ಲಿ. ಇನ್ನೇನು ಭಯ?

ಆಗ ಬಂದರು ಮೇಲಿನ ಮನೆಯ ಶೆಟ್ಟರು.

ಶೆಟ್ಟರು ಪರೋಪಕಾರಿ. ಯಾರ ಮನೆಯಲ್ಲಿ ಏನು ಬಿಚ್ಚಿದ್ದರೂ ಬಂದು ನಿಲ್ಲುತ್ತಾರೆ. ನಮ್ಮನೆಯವರು ಬಲಬಾಗಿಲೊಳಗೆ ಮೊಣಕೈವರೆಗೆ ಕೈ ಹಾಕಿ ಗ್ರೀಸು ಕೆರೆಯುತ್ತಿದ್ದರು. ಶೆಟ್ಟರು ಎಡಗಡೆಯಿಂದ ಬಂದು ಡ್ರೈವರ್ ಬಾಗಿಲೊಳಗೆ ಬಗ್ಗಿದರು. ಅಲ್ಲಿ ನಾಲ್ಕೂ ಕಿಟಕಿಗಳ ಬಟನ್ ಸಾಲಾಗಿವೆ. "ಇದು ಎಂಥದ್ದು ಮಾರಾಯ್ರೆ?" ಎಂದು ಒಂದನ್ನು ಒತ್ತಿದರು.

ಅಷ್ಟು ದಿನ ಸತ್ತಂತಿದ್ದ ಮೋಟರ್, ಗ್ರೀಸು ಸಡಿಲಾದದ್ದಕ್ಕೋ ಏನೋ, ಬಾಗಿಲೊಳಗೆ ಗುರ್ ಎಂದಿತು. ತೋಳು ಮಿಸುಕಿತು. ಲಟ್ಟಣಿಗೆ ಕಟಕ್ ಎಂದು ಸೀಳು ಬಿಟ್ಟಿತು, ಆದರೆ ಮುರಿಯಲಿಲ್ಲ. ನಮ್ಮನೆಯವರು ಕೈ ಹೊರಗೆ ಎಳೆದುಕೊಂಡಾಗ ಮಣಿಕಟ್ಟಿನ ಚರ್ಮ ಕಿತ್ತು ರಕ್ತ ಬಂದಿತ್ತು. ಅಷ್ಟೇ. ಬೆರಳುಗಳೆಲ್ಲ ಇದ್ದವು. ನಾನು ಮಾತ್ರ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅತ್ತೆ ಎದ್ದು ನಿಂತು ಸೆರಗಿನ ಗಂಟನ್ನು ಹಿಡಿದು ನೋಡಿದರು. ಚಾವಿ ಅಲ್ಲೇ ಇತ್ತು.

"ಚಾವಿ ನನ್ನ ಕಡೆ ಐತಿ. ಮತ್ತ ಅದು ಹೆಂಗ ತಿರಗ್ತು?"

ಹೇಗೆಂದರೆ, ಈ ಹಳೆಯ ಕಾರಿನಲ್ಲಿ ಕಿಟಕಿಗೆ ವಿದ್ಯುತ್ತು ನೇರ ಬ್ಯಾಟರಿಯಿಂದಲೇ ಬರುತ್ತದೆ. ಚಾವಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಂಜಾನೆಯಿಂದ ನಾವು ಸೆರಗಿನ ಗಂಟನ್ನು ನಂಬಿಕೊಂಡು ಕೂತಿದ್ದೆವು.

"ಬ್ಯಾಟರಿ ಕಿತ್ತು ನನ್ನ ಮುಂದ ಇಡು," ಎಂದರು ಅತ್ತೆ.

"ಅವ್ವಾ, ವೈರ್ ಬಿಚ್ಚಿದ್ರ ಸಾಕು."

"ನಿಮ್ಮಪ್ಪಾರೂ ಸಾಕು ಅಂದಿದ್ರು."

ಮಾವನವರಿಗೆ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಪರೇಲಿನ ಮಿಲ್ಲಿನಲ್ಲಿ ಹೋದದ್ದೆಂದು ಮಾತ್ರ ನಮಗೆ ಗೊತ್ತಿತ್ತು. ಹೇಗೆಂದು ಅವರು ಬದುಕಿರುವವರೆಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅತ್ತೆ ಅಲ್ಲೇ ನಿಂತು, ಸ್ಪ್ಯಾನರ್ ಹಿಡಿದ ಮಗನಿಗೆ ಹೇಳಿದರು: "ಮಷಿನ್ ಬಂದ್ ಮಾಡೇ ಕೈ ಹಾಕಿದ್ರು. ಆ ಕಡಿಂದ ಬಂದಾಂವ ಚಾಲೂ ಮಾಡಿದ. ಕೆಟ್ಟಾಂವ ಅಲ್ಲ, ಪಾಪ. ಅಂವಗ ಕೈ ಕಾಣಲಿಲ್ಲ, ಅಷ್ಟ. ಮುಂದ ಅವರು ಇರೂತನಕ ದಿನಾ ಮುಂಜಾನೆ ಅಂಗಿ ಗುಂಡಿ ನಾನ ಹಾಕಿದೆ. ನಿನಗ ಹಾಕಾಕ ನನಗ ಈಗ ಕಣ್ಣು ಕಾಣಂಗಿಲ್ಲಪಾ."

ನಮ್ಮನೆಯವರು ವೈರ್ ಬಿಚ್ಚಿ, ಬ್ಯಾಟರಿ ಎತ್ತಿ ತಂದು ತಾಯಿಯ ಮುಂದಿಟ್ಟರು. "ಸೀರೀಗೆ ತಾಗಸಬ್ಯಾಡ, ಆ್ಯಸಿಡ್ ಐತಿ," ಎಂದಷ್ಟೇ ಅಂದರು. ಶೆಟ್ಟರ ಮುಖ ಬಿಳುಚಿತ್ತು. "ತಪ್ಪಾಯ್ತು ಅಜ್ಜೀ," ಎಂದು ಬ್ಯಾಟರಿಯ ಆಚೆ ಬದಿಗೆ ಕುಕ್ಕರಗಾಲಲ್ಲಿ ಕೂತರು. ಕೆಲಸ ಮುಗಿಯುವವರೆಗೆ ಏಳಲಿಲ್ಲ. ಚಹಾ ಕೊಟ್ಟರೆ ಕೂತಲ್ಲೇ ಕುಡಿದರು. ಇಂಥ ಕಾವಲು ಯಾವ ಬ್ಯಾಂಕಿಗಿದೆ?

ಗ್ರೀಸು ಕೆರೆದಾಯಿತು. ಹಸಿರು ಕಿಲುಬು ಹಿಡಿದಿದ್ದ ವೈರಿನ ತುದಿಯನ್ನು ಉಜ್ಜಿ ಬಿಗಿದದ್ದೂ ಆಯಿತು. ಲಟ್ಟಣಿಗೆ ತೆಗೆದು ಹೊದಿಕೆ ಮುಚ್ಚಿದ ಮೇಲೆ ನಮ್ಮನೆಯವರು ಶಾಲೆಯ ಹುಡುಗನಂತೆ ಎರಡೂ ಕೈ ತಿರುಗಿಸಿ ತಿರುಗಿಸಿ ತೋರಿಸಿದರು. ಅತ್ತೆ ಒಂದೊಂದೇ ಬೆರಳನ್ನು ಮುಟ್ಟಿ ನೋಡಿ, "ಹಾಕು" ಎಂದರು. ಬ್ಯಾಟರಿ ಕೂತಿತು. ಗಾಜು ಬೆಣ್ಣೆಯ ಹಾಗೆ ಇಳಿಯಿತು. ನನಗೆ ಕಾರಿನ ಮೇಲೆ ಮೊದಲ ಬಾರಿ ಪ್ರೀತಿ ಬಂತು, ಏನು ಮಾಡಲಿ.

ಸಂಜೆಯೇ ಪವಾಯಿಗೆ ಹೋದೆವು. ಅತ್ತೆ ದಾರಿಯುದ್ದಕ್ಕೂ ಗಾಳಿ ಕುಡಿದರು. ಹೊಟ್ಟೆ ತೊಳಸಲಿಲ್ಲ. ಕೆರೆಯ ದಂಡೆಯಲ್ಲಿ ಕಾರು ನಿಂತದ್ದೇ ತಡ, ಜನ ಮುತ್ತಿದರು. ಶೇಂಗಾ ಮಾರುವವನೂ ಬುಟ್ಟಿ ಕೆಳಗಿಟ್ಟು ಕಿಟಕಿಯ ಅಂಚಿಗೆ ಕೈಯೂರಿ ಒಳಗೆ ಇಣುಕಿದ. ಅಷ್ಟರಲ್ಲಿ ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬೀಸತೊಡಗಿತು.

"ಥಂಡಿ ಆತು. ಗಾಜು ಏರಸ್ತೀನಿ," ಎಂದರು ಅತ್ತೆ. ದಿನವಿಡೀ ಇಳಿಸಲು ಹೆಣಗಿದ ಮಗ ನನ್ನ ಮುಖ ನೋಡಿದರು. ನಾನು ಕೆರೆ ನೋಡಿದೆ.

ಅತ್ತೆ ಬಟನ್ ಮೇಲೆ ಬೆರಳಿಟ್ಟರು, ಒತ್ತಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಆ ಕಡೆ ಈ ಕಡೆ ನೋಡಿ, ತಮಗೆ ಬರುವಷ್ಟು ಹಿಂದಿಯಲ್ಲಿ ಕೇಳಿದರು: "ಕಿಸೀಕಾ ಹಾಥ್ ಹೈ ಕ್ಯಾ?"

ಯಾರದಾದರೂ ಕೈ ಇದೆಯೇ ಎಂದು ಅಂದು ಮಿಲ್ಲಿನಲ್ಲಿ ಇಷ್ಟೇ ಇಷ್ಟು ಯಾರಾದರೂ ಕೇಳಿದ್ದರೆ?