ಸೋರುವ ಕಿವಿಯ ಪುಣ್ಯ

ಇಚಲಕರಂಜಿಯ ಮಗ್ಗದ ಓಣಿಯಲ್ಲಿ ನಾನೂ ನನ್ನ ಗೆಳೆಯನೂ ಒಂದೇ ಗೋಡೆಯ ಆಚೆ ಈಚೆ ಬೆಳೆದವರು. ಇಬ್ಬರ ಅಪ್ಪಂದಿರೂ ಬೆಳಗಾವಿ ಕಡೆಯಿಂದ ಪವರ್‌ಲೂಮ್ ಕೆಲಸಕ್ಕೆಂದು ಬಂದವರು. ಅವನ ಅಪ್ಪ ಬೇಗ ತೀರಿಕೊಂಡ. ಅವನ ತಾಯಿಯನ್ನು ನಾನು, ಅಲ್ಲಿನವರು ಚಿಕ್ಕಮ್ಮನಿಗೆ ಅನ್ನುವಂತೆ, ಕಾಕು ಎನ್ನುತ್ತಿದ್ದೆ. ಅವಳು ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಗೆಳೆಯ ಹಿರಿಯವನು.

ಹುಡುಗರೆಲ್ಲ ತಾಲೀಮಿಗೆ ಕುಸ್ತಿ ಆಡಲು ಹೋದರೆ ಅವನು ಬಿದ್ದವರ ಕಾಲು ತೀಡಲು ಹೋಗುತ್ತಿದ್ದ. ನೋವು ತಿಳಿಯದಿರಲೆಂದು ಏನಾದರೂ ಸುಳ್ಳು ಕಥೆ ಕಟ್ಟಿ ನಗಿಸುತ್ತಿದ್ದ. ಮೆಟ್ರಿಕ್ ಆದಮೇಲೆ ಸೈನ್ಯ ಸೇರಿದ. ಗಾಯಗೊಂಡವರ ಶುಶ್ರೂಷೆಯ ಕೆಲಸ ಸಿಕ್ಕಿತು. ಮೊದಲ ರಜೆಗೆ ಬಂದಾಗ ಕಾಕು ಹೆದರಿಕೊಂಡೇ ಇದ್ದಳು.

"ಅವ್ವಾ, ನಾ ಬಂದೂಕು ಹಿಡಿಯಾಂವ ಅಲ್ಲ, ಪಟ್ಟಿ ಕಟ್ಟಾಂವ. ಪಟ್ಟಿ ಕಟ್ಟಾಂವಗ ಯಾರ ಹೊಡೀತಾರ?" ಎಂದ.

ಅವಳು ನಂಬಿದಳು. ನಾನೂ ನಂಬಿದೆ.

ಅರವತ್ತೈದರ ಯುದ್ಧದಲ್ಲಿ, ಗಾಯಗೊಂಡು ಬಿದ್ದವನೊಬ್ಬನನ್ನು ಹೆಗಲ ಮೇಲೆ ಹೊತ್ತು ತರುವಾಗ ಗುಂಡು ತಾಗಿ ಅವನು ಸತ್ತ. ಸುದ್ದಿ ಬಂದ ದಿನ ಕಾಕು ಅಳಲಿಲ್ಲ. "ಪಟ್ಟಿ ಕಟ್ಟಾಂವಗೂ ಹೊಡೀತಾರಂತ," ಎಂದು ಬಂದವರಿಗೆಲ್ಲ ಹೇಳುತ್ತ ಕೂತಳು. ಆಮೇಲೆ ಅವನ ಮಾತನ್ನೇ ಎತ್ತಲಿಲ್ಲ. ಅವಳೆದುರು ನಾವೂ ಎತ್ತಲಿಲ್ಲ.

ಒಂದೆರಡು ವರ್ಷ ಕಳೆದಿರಬೇಕು. ಅವನ ತಮ್ಮ, "ನಾನೂ ಅಣ್ಣನ ಕೆಲಸಕ್ಕ ಹೋಗಾಂವ," ಎಂದು ಹೊರಟು ನಿಂತ. ಕೊಲ್ಹಾಪುರದಲ್ಲಿ ಸೈನ್ಯದ ಭರತಿ ಇತ್ತು. ಕಾಕು ನನ್ನನ್ನು ಹಿತ್ತಲಿಗೆ ಕರೆದಳು.

"ನೀ ಅವನ ಜೋಡಿ ಹೋಗು, ಯಪ್ಪಾ."

"ಬ್ಯಾಡ ಅಂತ ಹೇಳ್ಲೇನು, ಕಾಕೂ?"

"ಹೇಳಬ್ಯಾಡ. ಹೇಳಿದ್ರ ಹಟಾ ಹಿಡೀತಾನ. ಅವ್ವ ಅಡ್ಡ ಬಂದ್ಲು ಅಂತ ಜಲಮ ಪೂರ್ತಿ ಅಂತಾನ. ಸುಮ್ಮ ಜೋಡಿ ಇರು."

ಮೈದಾನದಲ್ಲಿ ಹುಡುಗರು ಬರೀ ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದರು. ಅವನು ಓಟದಲ್ಲಿ ಮುಂದೆ ಬಂದ. ಎತ್ತರ, ತೂಕ, ಎದೆ ಎಲ್ಲ ಸರಿಯಾಗಿತ್ತು. ಒಂದೊಂದರಲ್ಲಿ ಪಾಸಾದಾಗಲೂ ನನ್ನ ಕಡೆ ತಿರುಗಿ ನಗುತ್ತಿದ್ದ. ಬೇಲಿಯ ಹೊರಗಿದ್ದ ನಾನೂ ನಗಬೇಕಾಗುತ್ತಿತ್ತು. ಕೊನೆಗೆ ಡಾಕ್ಟರರ ಡೇರೆಗೆ ಹೋದ. ಹೊರಬಂದಾಗ ಮುಖ ಇಳಿದಿತ್ತು.

"ಕಿವಿ ಸೋರತೈತಿ, ನಡಿಯೂದಿಲ್ಲ ಅಂದ್ರು."

ಚಿಕ್ಕಂದಿನಿಂದಲೂ ಅವನ ಎಡಗಿವಿ ಸೋರುತ್ತಿತ್ತು. ಗೆಳೆಯ ರಜೆಗೆ ಬಂದಾಗ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅರಳೆಯಿಂದ ಒರೆಸಿ ಔಷಧ ಹಾಕುತ್ತಿದ್ದ. ಮುಂದಿನ ಸಲ ಬಂದಾಗ ಪೂರಾ ಗುಣ ಮಾಡುತ್ತೇನೆ ಎಂದಿದ್ದ. ಅದು ಗುಣವಾಗಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಹುಡುಗ ಅಳುತ್ತಿದ್ದ. ಅವನ ಬೆನ್ನ ಮೇಲೆ ಕೈಯಿಟ್ಟು, ನನ್ನ ಮುಖ ಕಾಣಬಾರದೆಂದು ಆ ಕಡೆ ತಿರುಗಿಕೊಂಡೆ. ಬಸ್ ಸ್ಟ್ಯಾಂಡಿನ ಹತ್ತಿರ ಮಿಸಳ ತಿನ್ನಿಸಿ ಊರಿಗೆ ಕರೆತಂದೆ.

ಕಾಕು ಹೊಸ್ತಿಲಲ್ಲೇ ನಿಂತಿದ್ದಳು.

"ಕಿವಿ ಸೋರತೈತಿ ಅಂತ ಬಿಟ್ಟಾರ," ಎಂದೆ.

ಅವಳು ಬಾಗಿಲು ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತಳು. ಆಮೇಲೆ ಎದ್ದು ನಮ್ಮಿಬ್ಬರಿಗೂ ರೊಟ್ಟಿ ಬಡಿಸಿದಳು. ಎದುರಿಗೆ ಕೂತು, ಅಷ್ಟು ದಿನ ಬಾಯಿಬಿಡದಿದ್ದವಳು ಹಿರಿಮಗನ ಮಾತು ತೆಗೆದಳು.

"ನಿಮ್ಮಣ್ಣ ಭರತಿಗೆ ಹೋದಾಗ ತೂಕ ಕಮ್ಮಿ ಬಿತ್ತಂತ. ಹೊರಗ ಬಂದು ಬಾಳಿಹಣ್ಣ ತಿಂದು, ತಂಬಗಿಗಟ್ಲೆ ನೀರ ಕುಡದು, ಮತ್ತ ತಕ್ಕಡಿ ಹತ್ಯಾನ. ಮನಿಗೆ ಬಂದು ಹೊಟ್ಟಿ ಹಿಡಕೊಂಡ ಭಾಳ ಒದ್ದಾಡ್ಯಾನ. ಮಂದಿಗೆಲ್ಲ ಔಷಧ ಹೇಳಾಂವ, ತನ್ನ ಹೊಟ್ಟಿಗೆ ಮಾತ್ರ ಗೊತ್ತಾಗಲಿಲ್ಲ."

ಹೇಳುತ್ತ ನಕ್ಕಳು. ನಗುತ್ತಲೇ ಅತ್ತಳು. ಸೆರಗಿನಿಂದ ಒರೆಸಿಕೊಳ್ಳಲೂ ಇಲ್ಲ. ತಮ್ಮನೂ ಕೈಯಲ್ಲಿ ತುತ್ತು ಹಿಡಿದುಕೊಂಡೇ ನಗತೊಡಗಿದ. ಸತ್ತವನು ಆ ದಿನ ನಮಗೆ ಮತ್ತೆ ಮಾತಾಡಲು ಸಿಕ್ಕಿದ.

ಮುಂದೆ ತಮ್ಮ ಗಡಹಿಂಗ್ಲಜದ ಡಾಕ್ಟರರೊಬ್ಬರ ಬಳಿ ಕಂಪೌಂಡರ್ ಆದ. ಕಾಕುವೂ ಅವನ ಜೊತೆ ಹೋದಳು. ಒಮ್ಮೆ ನೋಡಲು ಹೋದಾಗ ಅವನು ಮನೆಯಲ್ಲಿರಲಿಲ್ಲ.

"ಎಲ್ಲಿ ಹೋಗ್ಯಾನ?" ಎಂದು ಕೇಳಿದೆ.

"ದವಾಖಾನಿಗೆ," ಎಂದಳು ಕಾಕು, ಚಹಾ ಸೋಸುತ್ತ. "ಇಲ್ಲೇ, ಓಣಿ ದಾಟಿದ್ರ ಬಂತು. ಸಂಜಿಗೆ ಮನಿಗೆ ಬರ್ತಾನ."