ಹಿಂದಿನ ಎಡ ಸ್ಪೀಕರಿನ ಉಸಿರು

ನಮ್ಮ ದೊಡ್ಡಮ್ಮ ಸಿನಿಮಾಗಳಿಗೆ ಸೌಂಡ್ ಮಿಕ್ಸ್ ಮಾಡುವವಳು. ಕೋಣೆಯ ಸುತ್ತ ಐದು ಸ್ಪೀಕರು, ಗುಡುಗಿನಂಥ ಸದ್ದಿಗೆಂದೇ ಇನ್ನೊಂದು. ಯಾವ ಸದ್ದು ಯಾವುದರಿಂದ ಬರಬೇಕೆಂದು ತೀರ್ಮಾನಿಸುವುದು ಅವಳ ಕೆಲಸ. ಬಾಯಿ ಜೋರು, ಕಿವಿ ಅದಕ್ಕಿಂತ ಚುರುಕು. ಅವಳ ಮಿಕ್ಸನ್ನು ಚಿಕ್ಕ ಫೈಲಿಗೆ ಇಳಿಸುವುದು ದೊಡ್ಡಪ್ಪನ ಪಾಲಿನ ಕೆಲಸ.

ಆ ದಿನ ದೊಡ್ಡಪ್ಪ ಇಳಿಸಿದ ಪ್ರತಿಯನ್ನು ಹಾಕಿ ಕೇಳುವಾಗ ಅವಳ ಮುಖ ಬಿಳಿಚಿಕೊಂಡಿತು. ಕಾರ್ಖಾನೆಯ ದೃಶ್ಯ. ಯಂತ್ರಗಳ ಗದ್ದಲದ ನಡುವೆ, ಹಿಂದಿನ ಎಡ ಸ್ಪೀಕರಿನಿಂದ, ಬಚ್ಚಿಟ್ಟುಕೊಂಡ ಮಗುವಿನ ಉಸಿರು ಕೇಳಬೇಕು. ಅವಳೇ ಇಟ್ಟದ್ದು. ಈಗ ಕೇಳಿಸಲಿಲ್ಲ.

“ಉಸಿರು ಕೇಳಿಸ್ತೇನ್ರೀ?”

“ಹೂಂ, ಚೆನ್ನಾಗಿದೆ,” ಎಂದರು ದೊಡ್ಡಪ್ಪ. ಅವಳಿಗೆ ಇಲ್ಲ ಎನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಅಲ್ಲಿಂದ ಹಿಡಿಯಿತು ಭಯ. ಅವಳ ಅಪ್ಪನಿಗೆ ಇದೇ ವಯಸ್ಸಿನಲ್ಲಿ ಕಿವಿ ಹೋಗಿತ್ತು. ಹೊತ್ತುಗೊತ್ತಿಲ್ಲದೆ ಕಿವಿಯ ಹತ್ತಿರ ಬೆರಳು ಉಜ್ಜಿ ಕೇಳಿಕೊಳ್ಳುತ್ತಿದ್ದಳು. ಯಾರನ್ನೂ ಬೈಯುತ್ತಿರಲಿಲ್ಲ. ನನಗಂತೂ ಅದೇ ಹೆಚ್ಚು ಹೆದರಿಕೆ. ಡಾಕ್ಟರ ಹತ್ತಿರ ಹೋಗೋಣವೆಂದರೆ, “ಹೋದ್ರೆ ಗೊತ್ತಾಗಿಬಿಡುತ್ತಲ್ಲೇ” ಎಂದಳು.

ಅವರ ಫೈಲುಗಳನ್ನು ಹೊರಗೆ ಕಳಿಸುವವಳು ನಾನು. ಆ ಪ್ರತಿಯನ್ನು ತೆರೆದು ನೋಡಿದೆ. ಡೇಟಾ ರೇಟ್ ಇನ್ನೂರ ಇಪ್ಪತ್ತನಾಲ್ಕು ಕಿಲೋಬಿಟ್. ಯಾವಾಗಲೂ ಆರುನೂರ ನಲವತ್ತು ಇರುತ್ತಿತ್ತು. ರೇಟ್ ಎಂದರೆ ಒಂದು ಸೆಕೆಂಡಿನ ಶಬ್ದವನ್ನು ಬರೆದಿಡಲು ಸಿಗುವ ಜಾಗ. ಆರೂ ಸ್ಪೀಕರುಗಳು ಅಷ್ಟನ್ನೇ ಹಂಚಿಕೊಳ್ಳಬೇಕು. ಕಡಿಮೆ ಬಿದ್ದರೆ, ಅಳುವ ಮಗುವಿಗೇ ಹಾಲು ಎಂಬಂತೆ, ಎಲ್ಲವೂ ಜೋರು ಸದ್ದುಗಳ ಪಾಲು. ಗದ್ದಲದ ಅಡಿಯ ಸಣ್ಣ ಸದ್ದನ್ನು ಯಾರು ಕೇಳುತ್ತಾರೆಂದು ಕಂಪ್ಯೂಟರು ಬಿಸಾಕಿಬಿಡುತ್ತದೆ.

“ದೊಡ್ಡಮ್ಮ, ನಿನ್ನ ಕಿವಿಗೇನೂ ಆಗಿಲ್ಲ. ಫೈಲಲ್ಲಿ ಉಸಿರೇ ಇಲ್ಲ!”

ಅವಳು ದೊಡ್ಡಪ್ಪನ ಕಡೆ ತಿರುಗಿದಳು. “ಮತ್ತೆ ಕೇಳಿಸ್ತು ಅಂದ್ರಿ?”

“ನೀನು ಇಟ್ಟಿದ್ದೀಯ ಅಂದ್ಮೇಲೆ ಇರುತ್ತೆ ಅಂದ್ಕೊಂಡೆ.”

“ರೇಟ್ ಯಾಕೆ ಇಳಿಸಿದ್ರಿ?”

“ಫೈಲು ಚಿಕ್ಕದಾಗ್ಲಿ ಅಂತ. ಎರಡೂ ರೇಟಿಂದು ಹಾಕಿ ಕೇಳಿದೆ ಕಣೇ, ಒಂದೇ ಥರ ಇತ್ತು.”

ಅವಳಿಗೆ ಇನ್ನೂ ನಂಬಿಕೆ ಬರಲಿಲ್ಲ. ಮೂಲ ಮಿಕ್ಸನ್ನೇ ಹಾಕಿಸಿದಳು. ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿದಳು. ಈಗಲೂ ಕೇಳಿಸದಿದ್ದರೆ ನೆಪ ಹೇಳಲು ಏನೂ ಉಳಿಯುತ್ತಿರಲಿಲ್ಲ.

ಯಂತ್ರಗಳು ಗಡಗಡಿಸಿದವು. ಆಮೇಲೆ ಬೆನ್ನ ಹಿಂದೆ, ಎಡಕ್ಕೆ, ಸಣ್ಣಗೆ ಉಸಿರು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದಳು. ಹೋದ ಜೀವ ಬಂದಂತಾಗಿ ನಾವಿಬ್ಬರೂ ನಕ್ಕೆವು.

ದೊಡ್ಡಪ್ಪ ನಗಲಿಲ್ಲ. ಪರದೆ ನೋಡುತ್ತಾ, ಕತ್ತು ವಾಲಿಸಿ ಕಾಯುತ್ತಿದ್ದರು. ಮಗು ಉಸಿರಾಡುತ್ತಲೇ ಇತ್ತು.

“ಇನ್ನೂ ಬರ್ಲಿಲ್ವಲ್ಲೇ?” ಎಂದರು.

ದೊಡ್ಡಮ್ಮನ ನಗು ನಿಂತಿತು. ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ ಅವರ ಕೈ ಹಿಡಿದುಕೊಂಡಳು.

“ಬರುತ್ತೆ, ಇರಿ,” ಎಂದಳು.