ನಿನ್ನೆಯ ತಾರೀಖಿನ ಮಳೆ

ಹೋದ ವಾರ ಆಫೀಸಿನ ಬೀರು ಖಾಲಿ ಮಾಡುವಾಗ ಹಳದಿಗಟ್ಟಿದ ಒಂದು ಹಾಳೆ ಸಿಕ್ಕಿತು. ಅದರ ತುಂಬ ಮಳೆಯ ತಾರೀಖುಗಳು. ಮೊದಲ ಸಾಲಿನಲ್ಲಿ ದಿನ ಹನ್ನೆರಡು, ತಿಂಗಳು ನಲವತ್ತು! ಎರಡನೆಯ ಸಾಲಿನ ತಿಂಗಳು ಇಪ್ಪತ್ತು, ಮೂರನೆಯದು ಐವತ್ತೈದು. ಪಕ್ಕದಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ದೊಡ್ಡದೊಂದು ಪ್ರಶ್ನೆ ಚಿಹ್ನೆ. ಅದನ್ನು ಹಾಕಿದವರು ಯಾರೆಂದು ತಕ್ಷಣ ನೆನಪಾಯಿತು. ಬೀರುವನ್ನು ಅರ್ಧಕ್ಕೇ ಬಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅವರು ವಸ್ತಾರೆಯ ಆಚೆಗಿನ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಗೊಬ್ಬರ, ಮಳೆ ಎಲ್ಲವನ್ನೂ ಪುಸ್ತಕಕ್ಕೆ ಏರಿಸುವ ಕೆಲಸ. ನಾನು ಅವರನ್ನು ಕೊನೆಯವರೆಗೂ ಕರೆದದ್ದು ‘ರೈಟ್ರೇ’ ಎಂದೇ.

ನಾನಾಗ ಚಿಕ್ಕಮಗಳೂರಿನಲ್ಲಿ ಬೆಳೆಗಾರರ ಒಂದು ಸಂಘದ ಆಫೀಸಿಗೆ ಹೊಸದಾಗಿ ಸೇರಿದ್ದೆ. ಕಂಪ್ಯೂಟರ್ ಗೊತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಸ್ವಲ್ಪ ಜಂಬವೂ ಇತ್ತು. ಸಂಘದವರು ಹೂಮಳೆಯ ಪುಸ್ತಕವೊಂದನ್ನು ಅಚ್ಚು ಹಾಕಿಸಲು ಹೊರಟಿದ್ದರು. ಹೂಮಳೆಯೆಂದರೆ ಬೇಸಿಗೆಯಲ್ಲಿ ಬರುವ ಮೊದಲ ಮಳೆ. ಅದು ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಹೂವಾಗುತ್ತದೆ, ಆ ವರ್ಷದ ಫಸಲು ನಿಂತಿರುವುದೇ ಅದರ ಮೇಲೆ. ಕಳಸದಿಂದ ಮೂಡಿಗೆರೆಯವರೆಗಿನ ಎಸ್ಟೇಟುಗಳ ಹಳೆಯ ಮಳೆ ಪುಸ್ತಕಗಳನ್ನೆಲ್ಲ ತರಿಸಿ, ಒಂದೊಂದು ಮಳೆಯನ್ನೂ ಓದುವಂಥ ಒಂದೊಂದು ಸಾಲಾಗಿ ಮಾಡುವುದು ನನ್ನ ಪಾಲಿಗೆ ಬಂದಿತ್ತು.

ಉಳಿದ ಎಸ್ಟೇಟಿನವರು ಪುಸ್ತಕಗಳನ್ನು ಜೀಪಿನಲ್ಲಿ ಕಳಿಸಿ ಸುಮ್ಮನಾದರು. ಇವರು ಮಾತ್ರ ಎರಡು ಚೀಲ ಹೊತ್ತುಕೊಂಡು ತಾವೇ ಬಸ್ಸಿನಲ್ಲಿ ಬಂದರು. ಮೂವತ್ತು ವರ್ಷಕ್ಕೂ ಮೀರಿದ ಬರವಣಿಗೆ, ಒಂದೇ ಕೈಯದು. ಎಲ್ಲರೂ ಮಳೆಯ ಅಳತೆಯನ್ನಷ್ಟೇ ಬರೆದಿದ್ದರೆ ಇವರು ಮಳೆ ಶುರುವಾದ ಗಂಟೆ ನಿಮಿಷವನ್ನೂ ಬರೆದಿದ್ದರು. ಪುಸ್ತಕ ಬಿಟ್ಟು ಹೋಗಿ ಎಂದರೆ ಕೇಳಲಿಲ್ಲ. ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು.

ಹಾಗಾಗಿ ಆ ಸಾಲುಗಳನ್ನು ಅಚ್ಚು ಮಾಡಲು ನಾನು ಬರೆದಿದ್ದ ಪುಟ್ಟ ಪ್ರೋಗ್ರಾಮಿನ, ಅಂದರೆ ಸ್ಕ್ರಿಪ್ಟಿನ, ಮೊದಲ ಪರೀಕ್ಷೆ ಅವರ ಕಣ್ಣೆದುರೇ ನಡೆಯಿತು. ಕಂಪ್ಯೂಟರಿನೊಳಗಿನ ತಾರೀಖನ್ನು ಅಕ್ಷರಕ್ಕೆ ತರಬೇಕಾದರೆ ದಿನ ಎಲ್ಲಿ, ತಿಂಗಳು ಎಲ್ಲಿ, ಗಂಟೆ ಎಲ್ಲಿ ಎಂದು ಒಂದೊಂದಕ್ಕೂ ಒಂದು ಗುರುತು ಕೊಡಬೇಕು. ಶೇಕಡಾ ಚಿಹ್ನೆ ಹಾಕಿ ಚಿಕ್ಕ m ಬರೆದರೆ ತಿಂಗಳು, ದೊಡ್ಡ M ಬರೆದರೆ ನಿಮಿಷ. ತಿಂಗಳ ಜಾಗದಲ್ಲಿ ನಾನು ಬರೆದದ್ದು ದೊಡ್ಡ M! ಸಂಜೆ ನಾಲ್ಕು ನಲವತ್ತಕ್ಕೆ ಶುರುವಾದ ಮಳೆ ನೇರವಾಗಿ ನಲವತ್ತನೆಯ ತಿಂಗಳಿಗೆ ಹೋಗಿ ಬಿದ್ದಿತ್ತು. ಅವರು ಅಚ್ಚಾಗಿ ಬಂದ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಕೆಂಪು ಪೆನ್ಸಿಲ್ಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದರು.

“ಅಲ್ಲ ಮಾರಾಯ್ತಿ, ನಲ್ವತ್ನೇ ತಿಂಗ್ಳಲ್ಲಿ ಹೂಮಳೆ ಬಂದ್ರೆ ನಾವು ಕಾಫಿ ಕುಯ್ಯೋದ್ ಯಾವಾಗ?”

ಆಫೀಸಿನವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಒಂದಕ್ಷರ ತಿದ್ದಿ ಸರಿಮಾಡಿದೆನಾದರೂ ಅವರ ಮೇಲಿನ ಸಿಟ್ಟು ಹೊಟ್ಟೆಯಲ್ಲೇ ಉಳಿಯಿತು... ನಾಚಿಕೆಯ ವಿಷಯ, ಆದರೆ ನಿಜ.

ಆ ಸಿಟ್ಟಿಗೆ ಬೇಗನೆ ಒಂದು ದಾರಿ ಸಿಕ್ಕಿತು. ಎಲ್ಲ ಎಸ್ಟೇಟುಗಳ ಸಾಲುಗಳನ್ನು ಜೋಡಿಸಿ ನೋಡಿದಾಗ ಇವರ ಮಳೆಗಳೆಲ್ಲ ಅಕ್ಕಪಕ್ಕದ ಎಸ್ಟೇಟುಗಳಿಗಿಂತ ಒಂದು ದಿನ ಮೊದಲೇ ಬಿದ್ದಿದ್ದವು. ಒಂದೆರಡು ವರ್ಷವಲ್ಲ, ಅಷ್ಟೂ ವರ್ಷ. ಸಂಘದ ಅಧ್ಯಕ್ಷರು ಏನಿದು ಎಂದು ಕೇಳಿದರು. “ರೈಟರ್ ತಾರೀಖು ತಪ್ಪು ಬರೆದಿದ್ದಾರೆ ಸರ್” ಎಂದೆ, ಯೋಚನೆಯನ್ನೇ ಮಾಡದೆ. ಹಾಗಾದರೆ ಆ ಎಸ್ಟೇಟನ್ನು ಪುಸ್ತಕದಿಂದ ಬಿಟ್ಟುಬಿಡಿ ಎಂದರು ಅವರು. ಆ ವಿಷಯವನ್ನು ರೈಟರಿಗೆ ಫೋನಿನಲ್ಲಿ ತಿಳಿಸುವ ಕೆಲಸವೂ ನನ್ನ ತಲೆಗೇ ಬಂತು.

ಅವರು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. “ಈ ವರ್ಷ ನಂಗೆ ರಿಟೈರು. ನಾನು ಅಂತ ಮಾಡಿದ್ದು ಅದೊಂದೇ ಕೆಲ್ಸ. ಒಂದಿನ ಬೆಳಿಗ್ಗೆ ಬಂದು ನೋಡ್ಕಂಡು ಹೋಗು, ಆಮೇಲೆ ಬೇಕಾದ್ರೆ ತೆಗ್ದಾಕು” ಎಂದರು.

ಹಿಂದಿನ ಸಂಜೆ ಜೋರು ಮಳೆಯಾಗಿದ್ದ ಒಂದು ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೋದೆ. ಏಳು ಗಂಟೆ. ಹಾಜರಿ ಮುಗಿಸಿ, ಆಳುಗಳನ್ನು ತೋಟಕ್ಕೆ ಕಳಿಸಿ, ಮಳೆಮಾಪಕದ ಡಬ್ಬಿ ಎತ್ತಿಕೊಂಡು ಬಂದರು. ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ಮೊಣಕಾಲೂರಿ ಗೆರೆ ನೋಡಿ, ಪುಸ್ತಕ ತೆರೆದು ನಿನ್ನೆಯ ತಾರೀಖಿನ ಎದುರು ಬರೆದರು.

“ಇವತ್ತು ಮಂಗಳವಾರ ಅಲ್ವಾ ರೈಟ್ರೇ?”

“ಅಳ್ದಿದ್ದು ಮಂಗ್ಳಾರ. ಬಿದ್ದಿದ್ದು ಸೋಮಾರ ಸಂಜೆ. ನಾನು ಬಿದ್ದಿದ್ದನ್ನ ಬರೀಬೇಕಾ, ಅಳ್ದಿದ್ದನ್ನ ಬರೀಬೇಕಾ? ಹೂ ಏನು ನಾನು ಗ್ಲಾಸ್ ಹಿಡಿಯೋದನ್ನೇ ಕಾಯ್ತದಾ?”

ಆಗ ಅರ್ಥವಾಯಿತು. ಉಳಿದ ಎಸ್ಟೇಟುಗಳಲ್ಲೆಲ್ಲ ಬೆಳಿಗ್ಗೆ ಅಳೆದವರು ಆ ಬೆಳಗಿನ ತಾರೀಖನ್ನೇ ಬರೆಯುತ್ತಿದ್ದರು. ಹೂಮಳೆ ಬರುವುದು ಹೆಚ್ಚಾಗಿ ಸಂಜೆ. ಅಷ್ಟು ಜನ ಸೇರಿ ಅಷ್ಟು ವರ್ಷ ಮಳೆಯನ್ನು ಮರುದಿನಕ್ಕೆ ತಳ್ಳಿದ್ದರು, ಇವರೊಬ್ಬರನ್ನು ಬಿಟ್ಟು. ನಾನು ಅವರ ಹೆಸರು ಕೆಡಿಸಿ ಬಂದಿದ್ದೆ! ಅಲ್ಲೇ ಕ್ಷಮೆ ಕೇಳಿದೆ. ಅವರು ಕಾಫಿ ಕೊಟ್ಟು, “ನಂಗ್ ಹೇಳಿದ್ರೇನ್ ಬಂತು, ಅವ್ರಿಗೆ ಹೇಳು” ಎಂದರು.

ಹೇಳಿದರೆ ನಂಬಬೇಕಲ್ಲ. ವಾಪಸ್ ಬಂದು ಸ್ಕ್ರಿಪ್ಟನ್ನು ಮತ್ತೆ ಬಿಚ್ಚಿದೆ. ಅದುವರೆಗೆ ಬರೀ ದಿನ, ತಿಂಗಳು, ವರ್ಷ ಅಚ್ಚಾಗುತ್ತಿದ್ದವು. ಈಗ ಪ್ರತಿ ಸಾಲಿನ ತುದಿಗೆ ವಾರದ ಹೆಸರನ್ನೂ, ಇದ್ದಲ್ಲಿ ಸಮಯವನ್ನೂ ಸೇರಿಸಿದೆ. ಯಾರಿಗೂ ತಾರೀಖು ನೆನಪಿರುವುದಿಲ್ಲ. ಆದರೆ ಸಂತೆಯ ದಿನ ನೆನೆದದ್ದನ್ನು ಯಾರು ಮರೆಯುತ್ತಾರೆ?

ಸಂಘದ ಸಭೆಯ ದಿನ ರೈಟರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತರು. ಹಳೆಯ ಒಂದು ವರ್ಷದ ಹೂಮಳೆಯನ್ನು ನಾನು ಜೋರಾಗಿ ಓದಿದೆ. ಪಕ್ಕದ ಎಸ್ಟೇಟಿನ ಪುಸ್ತಕದಲ್ಲಿ ಮಂಗಳವಾರ. ಇವರದರಲ್ಲಿ ಸೋಮವಾರ, ಸಂಜೆ ನಾಲ್ಕು ಇಪ್ಪತ್ತು. ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ಅದೇ ಕಡೆಯ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತರು. ತೋಟದ ಜೊತೆಗೆ ಬಟ್ಟೆ ವ್ಯಾಪಾರವೂ ಇದ್ದ ಸಾಹೇಬರು ಅವರು.

“ಅದು ಸೋಮಾರಾನೇ ಸ್ವಾಮಿ! ನಮ್ಮ ಕಡೆ ಸಂತೆ ಸೋಮಾರ. ಅಷ್ಟೂ ಬಟ್ಟೆ ನೀರಲ್ಲಿ ಹೋಯ್ತು, ನಾಲ್ಕ್ ಗಂಟೆಗೆ ಗುಡುಗು ಶುರುವಾಗಿದ್ದು. ಮಂಗ್ಳಾರ ನಾನು ಮನೆ ತುಂಬ ಸೀರೆ ಒಣಗಿಸ್ತಾ ಇದ್ದೆ, ಒಂದ್ ಹನಿ ಬಂದಿಲ್ಲ!”

ಆಮೇಲೆ ತಡೆಯುವವರೇ ಇಲ್ಲ. ಒಬ್ಬರಿಗೆ ಮಗಳ ಮದುವೆಯ ಚಪ್ಪರ ಸೋರಿದ ಭಾನುವಾರ ನೆನಪಾಯಿತು, ಇನ್ನೊಬ್ಬರಿಗೆ ಜೀಪು ಹೂತುಹೋದ ಶುಕ್ರವಾರ. ಒಂದೊಂದನ್ನೂ ಹುಡುಕಿ ಓದಿದೆ. ಒಂದೊಂದಕ್ಕೂ ರೈಟರ್ ಪುಸ್ತಕವೇ ಸರಿ! ನನಗೆ ಕುಣಿಯಬೇಕೆನ್ನಿಸುತ್ತಿತ್ತು. ಕೊನೆಗೆ ಅಧ್ಯಕ್ಷರು ನಗುತ್ತಾ ಕೈ ಮುಗಿದರು. ರೈಟರ್ ಎಸ್ಟೇಟನ್ನು ಬಿಡುವ ಮಾತಿರಲಿ, ಉಳಿದವರ ತಾರೀಖನ್ನೆಲ್ಲ ಒಂದು ದಿನ ಹಿಂದಕ್ಕೆ ಹಾಕಿ, ಇನ್ನು ಮುಂದೆ ಎಲ್ಲರೂ ಹೀಗೇ ಬರೆಯಲಿ ಎಂದು ತೀರ್ಮಾನವಾಯಿತು. ಸ್ಕ್ರಿಪ್ಟಿನಲ್ಲಿ ಅದಕ್ಕೆ ಬೇಕಾದದ್ದು ಒಂದೇ ಒಂದು ಸಾಲು.

ಆ ಸಾಲು ಎಲ್ಲಿದೆ ತೋರಿಸು ಎಂದರು ರೈಟರ್, ಸಭೆ ಮುಗಿದ ಮೇಲೆ. ತೋರಿಸಿದೆ. ಪರದೆಯ ಮೇಲೆ ಬೆರಳಿಟ್ಟು ನೋಡಿದರು.

“ಇಷ್ಟೇನಾ? ಇದ್ನ ಹೇಳಕ್ಕೆ ನಂಗೆ ಮೂವತ್ತು ವರ್ಷ ಬೇಕಾಯ್ತಲ್ಲೇ ಮಾರಾಯ್ತಿ” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಆಮೇಲೆ ನೋಡಿಲ್ಲ...

ಪುಸ್ತಕ ಅಚ್ಚಾದ ಮೂರನೆಯ ವರ್ಷ ಅವರು ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದೇ ತಡವಾಗಿ, ಹೋಗಲಾಗಲಿಲ್ಲ. ಆ ಕೊರಗು ಇನ್ನೂ ಇದೆ.

ಬೀರುವಿನಲ್ಲಿ ಆ ಹಾಳೆ ಸಿಕ್ಕಿದ ಮೂರನೆಯ ದಿನ ಕೆಲಸದ ಮೇಲೆ ಕಳಸದ ಕಡೆ ಹೋಗಿದ್ದೆ. ಈಚೆಗೆ ತೋಟ ನೋಡಿಕೊಳ್ಳಲು ಶುರುಮಾಡಿದ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಮಳೆ ಅಳೆದು, ನಿನ್ನೆಯ ತಾರೀಖಿನ ಎದುರು ಬರೆದುಕೊಳ್ಳುತ್ತಿದ್ದಳು. ಸುಮ್ಮನೆ ಕೆಣಕಿದೆ, ಇವತ್ತು ಅಳೆದು ನಿನ್ನೆಗೆ ಬರೆಯುವುದು ಯಾರು ಹೇಳಿಕೊಟ್ಟದ್ದು ಎಂದು. ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು.

“ಯಾರ್ ಹೇಳ್ಕೊಡ್ಬೇಕು ಮೇಡಂ? ನಿನ್ನೆ ಬಿದ್ದ ಮಳೆನ ನಿನ್ನೆಗೇ ಅಲ್ವಾ ಬರೆಯೋದು? ಎಲ್ರೂ ಹಂಗೇ ಬರೆಯೋದು.”

ಹೌದಮ್ಮ, ಎಂದೆ. ನಕ್ಕೆ ಕೂಡ. ಜೀಪು ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ಅಳು ತಡೆಯಲಾಗಲಿಲ್ಲ.